ಸೈನಿಕನ ಆರೋಗ್ಯಕ್ಕೆ ಸಂಗಾತಿಯ ಕಾವಲು

ಕಾರವಾರದ ಕಡಲತಡಿಗೆ ಹೋದವರು ಅಲ್ಲಿ ಎರಡು ಸ್ಮಾರಕಗಳನ್ನು ನೋಡಿಯೇ ಇರುತ್ತಾರೆ. ಒಂದು, ಸೇವೆಯಿಂದ ನಿವೃತ್ತವಾಗಿ ದಡವೇರಿ ನಿಂತಿರುವ 'ಚಪಲ್' ಎಂಬ ಯುದ್ಧನೌಕೆ. ಇನ್ನೊಂದು, ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ. ರಾಣೆಯವರು ಕಾರವಾರ ತಾಲೂಕಿನ ಚೆಂಡಿಯಾ ಗ್ರಾಮದ ಮನೆತನದವರು. 1948ರ ಏಪ್ರಿಲ್ 8ರಿಂದ 11ರವರೆಗೆ, ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ಶತ್ರುಗಳು ಹೂತಿದ್ದ ನೆಲಬಾಂಬುಗಳನ್ನೂ ಅಡ್ಡಗಟ್ಟಿದ್ದ ಮರಗಳನ್ನೂ ತೆಗೆದು, ಗುಂಡಿನ ಮಳೆಯ ನಡುವೆ ನಮ್ಮ ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟ ಸಾಹಸಕ್ಕಾಗಿ ಅವರಿಗೆ ಪರಮವೀರ ಚಕ್ರ ಲಭಿಸಿತು. ಟ್ಯಾಂಕಿನ ಅಡಿಯಲ್ಲಿ ತೆವಳುತ್ತ ಸಾಗಿ, ಹಗ್ಗ ಜಗ್ಗಿ ಮೇಲಿನ ಚಾಲಕನಿಗೆ ದಾರಿ ತೋರಿಸಿದ ಅವರ ಸಾಹಸದ ಕಥೆ ಪ್ರಸಿದ್ಧವಾಗಿದೆ.

ಆ ಸಾಹಸ ನಡೆದುದು ನಾಲ್ಕು ದಿನ. ಅದಾದ ಮೇಲೆ ರಾಣೆಯವರು ನಲವತ್ತಾರು ವರ್ಷ ಬಾಳಿ 1994ರಲ್ಲಿ ತೀರಿಕೊಂಡರು. ಯಾವ ಸೈನಿಕನ ಬಾಳನ್ನು ನೋಡಿದರೂ ಲೆಕ್ಕವು ಹೀಗೆಯೇ ಇರುತ್ತದೆ. ಯುದ್ಧವನ್ನು ದಿನಗಳಲ್ಲಿ ಎಣಿಸುತ್ತೇವೆ. ಯುದ್ಧ ಮುಗಿದ ಮೇಲಿನ ಬಾಳನ್ನು ದಶಕಗಳಲ್ಲಿ ಎಣಿಸಬೇಕಾಗುತ್ತದೆ. ಮೊದಲನೆಯದಕ್ಕೆ ನಾವು ಪ್ರತಿಮೆಯನ್ನು ನಿಲ್ಲಿಸುತ್ತೇವೆ, ಪದಕವನ್ನು ಕೊಡುತ್ತೇವೆ. ಎರಡನೆಯದಕ್ಕೆ ಏನು ಮಾಡುತ್ತೇವೆ? ಪಿಂಚಣಿ ಇದೆ, ಆಸ್ಪತ್ರೆಯ ಕಾರ್ಡು ಇದೆ ಎಂದು ಉತ್ತರ ಬರುತ್ತದೆ. ಇವೆರಡೂ ಅವಶ್ಯವೇ ಸರಿ. ಆದರೆ ಇಷ್ಟರಿಂದ ಸಾಲದು, ನಿವೃತ್ತ ಯೋಧರ ಆರೋಗ್ಯವನ್ನು ಕಾಯಲು ಅವರದೇ ಸಣ್ಣ ಸಣ್ಣ ಕೂಟಗಳು ಊರೂರಿನಲ್ಲಿ ಏಳಬೇಕು ಎಂಬುದು ಈ ಲೇಖನದ ವಾದ. ಇದು ಕೇವಲ ಹಾರೈಕೆಯಲ್ಲ. ಇದರ ಹಿಂದೆ ಅಳೆದು ನೋಡಿದ ವಿಜ್ಞಾನವಿದೆ. ಆ ವಿಜ್ಞಾನವು ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬ ಎರಡನ್ನೂ ತರುಣ ವಾಚಕರ ಮುಂದಿಡುವುದು ನನ್ನ ಉದ್ದೇಶ.

ಕಾಣದ ಶತ್ರು

ಇಂದು ನಡುವಯಸ್ಸಿನ ಮನುಷ್ಯನನ್ನು ಕೆಡಹುವ ರೋಗಗಳು ಹಿಂದಿನ ಕಾಲದ ಪ್ಲೇಗು, ಸಿಡುಬುಗಳಂತೆ ಅಬ್ಬರಿಸಿ ಬರುವುದಿಲ್ಲ. ಸದ್ದಿಲ್ಲದೆ ಬಂದು, ಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ಕುಳಿತು, ಒಂದು ದಿನ ಎದ್ದು ನಿಲ್ಲುತ್ತವೆ. ರಕ್ತದ ಒತ್ತಡವನ್ನೇ ತೆಗೆದುಕೊಳ್ಳಿ. ನಮ್ಮ ಹೃದಯವು ದಿನಕ್ಕೆ ಸುಮಾರು 1 ಲಕ್ಷ ಸಲ ಮಿಡಿದು, ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಧಮನಿಗಳಿಗೆ ನೂಕುತ್ತದೆ. ಆ ರಕ್ತವು ಧಮನಿಯ ಗೋಡೆಯನ್ನು ಒತ್ತುವ ಬಲವು 140ಕ್ಕೆ 90ರ ಮಟ್ಟವನ್ನು ಮುಟ್ಟಿ ಅಲ್ಲಿಯೇ ನಿಂತರೆ ಅದನ್ನು ಅಧಿಕ ಒತ್ತಡವೆನ್ನುತ್ತಾರೆ. ಇದರಿಂದ ನೋವಿಲ್ಲ, ಜ್ವರವಿಲ್ಲ, ಊಟ ಸೇರದೆ ಹೋಗುವುದಿಲ್ಲ. ಆದರೆ ಪ್ರತಿ ಮಿಡಿತದಲ್ಲಿಯೂ ಆ ಗೋಡೆಗಳು ಸ್ವಲ್ಪ ಸ್ವಲ್ಪವಾಗಿ ಒರಟಾಗುತ್ತ, ಬಿರುಸಾಗುತ್ತ ಹೋಗುತ್ತವೆ. ಮಿದುಳಿನ ಒಂದು ಧಮನಿ ಒಡೆದರೆ ಅಥವಾ ಕಟ್ಟಿಕೊಂಡರೆ ಪಾರ್ಶ್ವವಾಯು. ಹೃದಯದ ಧಮನಿ ಕಟ್ಟಿದರೆ ಹೃದಯಾಘಾತ. ಮೂತ್ರಪಿಂಡದ ಸೂಕ್ಷ್ಮ ನಾಳಗಳು ಕೆಟ್ಟರೆ ರಕ್ತದ ಕಲ್ಮಶ ಹೊರಹೋಗದ ಸ್ಥಿತಿ.

ಮಧುಮೇಹದ ರೀತಿಯೂ ಇದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ, ನಮ್ಮ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವಿದೆ, 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು! ಸೈನ್ಯದಲ್ಲಿದ್ದವನು ಗಟ್ಟಿಮುಟ್ಟಾದವನು, ಅವನಿಗೇನು ಭಯ ಎನ್ನುವಂತಿಲ್ಲ.

ಸಮವಸ್ತ್ರ ಕಳಚಿದ ಮೇಲೆ

ವಾಸ್ತವದಲ್ಲಿ ಸೈನಿಕನಿಗೆ ಕೆಲವು ವಿಶೇಷ ಅಪಾಯಗಳಿವೆ. ನಮ್ಮ ಭೂಸೇನೆಯ ಸಾಮಾನ್ಯ ಜವಾನನು ಹಳೆಯ ಪದ್ಧತಿಯಲ್ಲಿ ಮೂವತ್ತೈದು ನಲವತ್ತರ ವಯಸ್ಸಿನ ಆಸುಪಾಸಿನಲ್ಲಿಯೇ ನಿವೃತ್ತನಾಗಿ ಬರುತ್ತಾನೆ. ಬೆಳಗಿನ ಓಟ, ಕವಾಯತು, ಹೊತ್ತಿಗೆ ಸರಿಯಾದ ಊಟ, ವರ್ಷಕ್ಕೊಮ್ಮೆ ಕಡ್ಡಾಯವಾದ ವೈದ್ಯಕೀಯ ತಪಾಸಣೆ ಇವೆಲ್ಲವೂ ಅಂದಿಗೆ ನಿಲ್ಲುತ್ತವೆ; ಆದರೆ ದುಡಿಯುವ ದೇಹಕ್ಕೆ ಒಗ್ಗಿದ ಹಸಿವು ನಿಲ್ಲುವುದಿಲ್ಲ. ಅನೇಕರು ಬ್ಯಾಂಕು, ಕಾರ್ಖಾನೆಗಳ ಕಾವಲುಗಾರರಾಗಿ ರಾತ್ರಿ ನಿದ್ದೆಗೆಡುತ್ತಾರೆ. ಹಿಮದ ಶಿಖರ, ತೋಪಿನ ಸದ್ದು, ಹಡಗಿನ ಯಂತ್ರಕೋಣೆಗಳಲ್ಲಿ ಸವೆದ ಮಂಡಿಯೂ ಮಂದವಾದ ಕಿವಿಯೂ ಜೊತೆಗೆ ಬಂದಿರುತ್ತವೆ. ವರ್ಷಕ್ಕೆ ಒಂದೆರಡು ಸಲ ರಜೆಯಲ್ಲಿ ಬರುತ್ತಿದ್ದ ಮನೆಯಲ್ಲಿ ಈಗ ಮುನ್ನೂರರವತ್ತೈದು ದಿನವೂ ಇರಬೇಕು. ಹೆಂಡತಿ ಮಕ್ಕಳು ಅವನಿಲ್ಲದೆ ನಡೆಸಿಕೊಂಡು ಬಂದ ಸಂಸಾರದಲ್ಲಿ ಅವನು ಅತಿಥಿಯಂತಾಗುತ್ತಾನೆ. ಸೈನಿಕ ಕ್ಯಾಂಟೀನಿನಲ್ಲಿ ಅಗ್ಗವಾಗಿ ದೊರೆಯುವ ಮದ್ಯದ ಕೋಟಾ ಬೇರೆ ಕೈಗೆಟುಕುವಂತಿರುತ್ತದೆ. ಕಂಡದ್ದನ್ನು ಮರೆಯಲಾರದ ಮನಸ್ಸಿಗೆ ಅದೇ ಔಷಧವೆಂದು ತೋರಿದರೆ ಆಶ್ಚರ್ಯವೇನು?

ಚಿಕಿತ್ಸೆಯ ಏರ್ಪಾಡು ಇಲ್ಲವೆಂದಲ್ಲ. 2003ರ ಏಪ್ರಿಲ್ 1ರಂದು ಆರಂಭವಾದ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆಯಲ್ಲಿ ಪಿಂಚಣಿದಾರರಿಗೂ ಅವರ ಅವಲಂಬಿತರಿಗೂ ಪಾಲಿಕ್ಲಿನಿಕ್ಕುಗಳ ಮೂಲಕ ವೈದ್ಯರೂ ಔಷಧಗಳೂ ದೊರೆಯುತ್ತವೆ. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ ಮೇಲೆ ಕಾರವಾರವು ಸೈನಿಕರ ಊರೇ ಆಗಿದೆ. ನೌಕಾಪಡೆಯ ಪತಂಜಲಿ ಆಸ್ಪತ್ರೆಯೂ ಅಲ್ಲಿದೆ, ವೈದ್ಯಕೀಯ ಕಾಲೇಜೂ ಇದೆ. ಆದರೂ ದೊಡ್ಡ ಕಾಯಿಲೆ ಬಂದಾಗ ಉತ್ತರ ಕನ್ನಡದ ಜನರು ಗೋವೆಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕಾಗಿದೆಯೆಂಬುದು ಜಿಲ್ಲೆಯ ಬಹುಕಾಲದ ಅಳಲು. ಮಳೆಗಾಲದಲ್ಲಿ ಆ ಓಟವೂ ಸುಲಭವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು; ಅದೇ ವರ್ಷದ ಆಗಸ್ಟ್ 7ರಂದು ಕಾಳೀ ನದಿಯ ಹಳೆಯ ಸೇತುವೆ ಮುರಿದು ಬಿದ್ದಿತು. ದೂರದ ಆಸ್ಪತ್ರೆಯನ್ನು ನಂಬಿಕೊಂಡಿರುವ ಊರಿನಲ್ಲಿ ರೋಗವು ಆಸ್ಪತ್ರೆಯ ಹಂತಕ್ಕೆ ಹೋಗದಂತೆ ತಡೆಯುವುದೇ ಜಾಣತನ.

ಹಾಗೆ ತಡೆಯುವ ಕೆಲಸದ ಬಹುಭಾಗವು ವೈದ್ಯರ ಕೈಯಲ್ಲಿಲ್ಲ ಎಂಬುದನ್ನು ನಾವು ಮನಗಾಣಬೇಕು. ವೈದ್ಯರು ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ನೋಡುತ್ತಾರೆ. ಉಳಿದ ತೊಂಬತ್ತು ಚಿಲ್ಲರೆ ದಿನಗಳಲ್ಲಿ ಗುಳಿಗೆ ನುಂಗುವವನು, ಉಪ್ಪು ಬಿಡುವವನು, ನಡೆಯುವವನು, ಕುಡಿಯದಿರುವವನು ರೋಗಿಯೇ. ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ಹೊರಡಿಸಿದ ವರದಿಯೊಂದು, ದೀರ್ಘಕಾಲದ ರೋಗಗಳಿಗೆ ಕೊಟ್ಟ ಚಿಕಿತ್ಸೆಯನ್ನು ಸರಿಯಾಗಿ ಪಾಲಿಸುವವರು ಶ್ರೀಮಂತ ದೇಶಗಳಲ್ಲಿಯೂ ಸರಾಸರಿ ನೂರಕ್ಕೆ ಐವತ್ತು ಮಾತ್ರ ಎಂದು ಎಚ್ಚರಿಸಿತು. ಔಷಧವು ಅಂಗಡಿಯಿಂದ ಮನೆಗೆ ಬರುವುದು ಸುಲಭ. ಡಬ್ಬಿಯಿಂದ ಬಾಯಿಗೆ ಬರುವುದು ಕಷ್ಟ. ಈ ಕೊನೆಯ ಗೇಣು ದೂರವನ್ನು ದಾಟಿಸುವವರು ಯಾರು?

ಸಂಗಾತಿಯ ಬಲ

ಸೈನ್ಯವು ತನ್ನ ಶಿಸ್ತಿನಲ್ಲಿಯೇ ಇದಕ್ಕೆ ಉತ್ತರವನ್ನು ಇಟ್ಟುಕೊಂಡಿದೆ. ಅಲ್ಲಿ ಇಬ್ಬರಿಬ್ಬರು ಸಿಪಾಯಿಗಳನ್ನು ಜೋಡಿಮಾಡುತ್ತಾರೆ. ಒಬ್ಬನಿಗೆ ಇನ್ನೊಬ್ಬನು 'ಬಡ್ಡಿ'. ನಮ್ಮ ಕಡೆ ಬಡ್ಡಿ ಎಂದೊಡನೆ ಸಾಲದ ನೆನಪಾಗುವುದು ಸಹಜ. ಆದರೆ ಇದು ಜೊತೆಗಾರನೆಂಬ ಅರ್ಥದ ಇಂಗ್ಲಿಷ್ ಮಾತು. ಒಬ್ಬನು ನಿದ್ದೆ ಮಾಡುವಾಗ ಇನ್ನೊಬ್ಬನು ಎಚ್ಚರವಿರುತ್ತಾನೆ. ಒಬ್ಬನ ಕಾಲು ಹಿಮದಲ್ಲಿ ಮರಗಟ್ಟಿದರೆ ಇನ್ನೊಬ್ಬನು ಅದನ್ನು ಗುರುತಿಸುತ್ತಾನೆ. ನಿವೃತ್ತಿಯ ದಿನ ಸರಕಾರವು ಸೈನಿಕನಿಗೆ ಪಿಂಚಣಿಯ ಪುಸ್ತಕವನ್ನು ಕೊಡುತ್ತದೆ, ಆದರೆ ಜೊತೆಗಾರನನ್ನು ಕಿತ್ತುಕೊಳ್ಳುತ್ತದೆ. ಆ ಜೊತೆಯನ್ನು ಮರಳಿ ಕಟ್ಟಿಕೊಟ್ಟರೆ ಆರೋಗ್ಯ ಸುಧಾರಿಸುವುದೆ? ಈ ಪ್ರಶ್ನೆಯನ್ನು ಅಮೆರಿಕದಲ್ಲಿ ಕ್ರಮವಾಗಿ ಪರೀಕ್ಷಿಸಿದ್ದಾರೆ.

ಪರೀಕ್ಷೆಯನ್ನು ತಿಳಿಯಲು ಮೊದಲು ಒಂದು ಅಳತೆಗೋಲನ್ನು ತಿಳಿಯಬೇಕು. ರಕ್ತದಲ್ಲಿ ಹರಿಯುವ ಸಕ್ಕರೆಯ ಸ್ವಲ್ಪ ಭಾಗವು ಕೆಂಪು ಕಣಗಳ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದುದರಿಂದ ಸಕ್ಕರೆಯಂಟಿದ ಹಿಮೋಗ್ಲೋಬಿನ್ ನೂರಕ್ಕೆ ಎಷ್ಟಿದೆಯೆಂದು ನೋಡಿದರೆ, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಇತಿಹಾಸವೇ ತಿಳಿದುಬರುತ್ತದೆ. ಪರೀಕ್ಷೆಯ ಮುನ್ನಾದಿನ ಮಾತ್ರ ಪಥ್ಯಮಾಡಿ ವೈದ್ಯರನ್ನು ವಂಚಿಸಲು ಇಲ್ಲಿ ಸಾಧ್ಯವಿಲ್ಲ! ಸಕ್ಕರೆಯ ಮಟ್ಟ ಸಹಜವಾಗಿರುವವರಲ್ಲಿ ಇದು 5.7ಕ್ಕಿಂತ ಕಡಿಮೆ, 6.5 ಮುಟ್ಟಿದರೆ ಮಧುಮೇಹ.

2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಿಚಿಗನ್ನಿನ ಸಂಶೋಧಕಿ ಮಿಷೆಲ್ ಹೈಸ್ಲರ್ ಮತ್ತು ಸಂಗಡಿಗರು ಮಧುಮೇಹಿಗಳಾದ 244 ಮಂದಿ ಮಾಜಿ ಸೈನಿಕರನ್ನು ಚೀಟಿಯೆತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ನುರಿತ ದಾದಿಯರ ಮೇಲ್ವಿಚಾರಣೆ. ಇನ್ನೊಂದು ಪಾಲಿನಲ್ಲಿ ಇಬ್ಬಿಬ್ಬರು ರೋಗಿಗಳ ಜೋಡಿ. ಜೋಡಿಯವರು ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡಿಕೊಳ್ಳಬೇಕು, ಆಗಾಗ ಗುಂಪಿನಲ್ಲಿ ಸೇರಬೇಕು, ಇಷ್ಟೆ. ಆರು ತಿಂಗಳಾದ ಮೇಲೆ ನೋಡಿದರೆ, ಜೋಡಿಗಳಲ್ಲಿ ಆ ಅಳತೆಯು 8.02ರಿಂದ 7.73ಕ್ಕೆ ಇಳಿದಿದ್ದಿತು, ದಾದಿಯರ ಪಾಲಿನಲ್ಲಿ 7.93ರಿಂದ 8.22ಕ್ಕೆ ಏರಿದ್ದಿತು. 2012ರಲ್ಲಿ ಫಿಲಡೆಲ್ಫಿಯಾದಿಂದ ಇನ್ನೊಂದು ಫಲಿತಾಂಶ ಬಂದಿತು. ಅಲ್ಲಿ 118 ಮಂದಿ ಕರಿಯ ಮಾಜಿ ಸೈನಿಕರು. ಹಿಂದೆ ತನ್ನ ಮಧುಮೇಹವನ್ನು ಹತೋಟಿಯಲ್ಲಿಡಲಾರದೆ ಸೋತು, ಬಳಿಕ ಗೆದ್ದ ಒಬ್ಬ ಹಿರಿಯ ಸಂಗಾತಿಯನ್ನು ಜೊತೆಗೆ ಪಡೆದವರಲ್ಲಿ ಅಳತೆಯು 9.8ರಿಂದ 8.7ಕ್ಕೆ ಇಳಿಯಿತು, ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ 9.9ರಿಂದ 9.8. ಸುಧಾರಣೆಗಾಗಿ ಹಣದ ಬಹುಮಾನ ಕೊಟ್ಟ ಮೂರನೆಯ ಗುಂಪಿನಲ್ಲಿ ಕಂಡ ಇಳಿಕೆ ಸಂಗಾತಿಯ ಗುಂಪಿನದಕ್ಕಿಂತ ಕಡಿಮೆ. ಹಣ ಮಾಡಲಾಗದುದನ್ನು ಗೆಳೆಯನು ಮಾಡಿದನು.

ಇದು ಹೇಗೆ ಸಾಧ್ಯ? ಮೊದಲನೆಯದು ನಂಬಿಕೆ. 'ಉಪ್ಪು ಬಿಡು' ಎಂದು ವೈದ್ಯರು ಹೇಳಿದರೆ ಅದು ಆಜ್ಞೆ. 'ನಾನು ಹೀಗೆ ಬಿಟ್ಟೆನಪ್ಪ' ಎಂದು ಜೊತೆಗಿದ್ದ ಹವಾಲ್ದಾರನು ಹೇಳಿದರೆ ಅದು ಸಾಕ್ಷ್ಯ. ಎರಡನೆಯದು, ಕೊಡುವವನಿಗೂ ಆಗುವ ಲಾಭ. ಅಮೆರಿಕದ ಸಮಾಜವಿಜ್ಞಾನಿ ಫ್ರಾಂಕ್ ರೀಸ್‌ಮನ್ 1965ರಲ್ಲಿ ತೋರಿಸಿಕೊಟ್ಟಂತೆ, ಇನ್ನೊಬ್ಬನಿಗೆ ನೆರವಾಗುವವನು ತಾನೂ ಗುಣಹೊಂದುತ್ತಾನೆ. ಗೆಳೆಯನಿಗೆ 'ಗುಳಿಗೆ ನುಂಗಿದೆಯಾ?' ಎಂದು ಕೇಳಬೇಕಾದವನು ತಾನು ನುಂಗದೆ ಕೇಳಲಾರ. ಮೂರನೆಯದು, ಗೊತ್ತಾದ ದಿನ, ಗೊತ್ತಾದ ಹೊತ್ತು. ಸೈನಿಕನಿಗೆ ಹಾಜರಿಯೆಂಬುದು ರಕ್ತಗತವಾದ ಅಭ್ಯಾಸ. ಅದನ್ನು ಆರೋಗ್ಯದ ಕಡೆಗೆ ತಿರುಗಿಸಬಹುದು.

ಮನಸ್ಸಿನ ಗಾಯಗಳಲ್ಲಿಯೂ ದಾರಿ ತೋರಿದವರು ಜೊತೆಗಾರರೇ. ವಿಯೆಟ್ನಾಮಿನಿಂದ ಮರಳಿದ ಅಮೆರಿಕದ ಸೈನಿಕರು 1970ರಲ್ಲಿ ನ್ಯೂಯಾರ್ಕಿನಲ್ಲಿ ತಾವಾಗಿಯೇ ಕೂಟ ಸೇರಿ, ಕಂಡುಂಡ ಘೋರಗಳನ್ನು ಹೇಳಿಕೊಳ್ಳತೊಡಗಿದರು. ರಾಬರ್ಟ್ ಲಿಫ್ಟನ್, ಛೈಮ್ ಶಾಟನ್ ಎಂಬ ಮನೋವೈದ್ಯರು ಅಲ್ಲಿಗೆ ಹೋಗಿ ಅಧಿಕಾರಿಗಳಂತಲ್ಲದೆ ಸಮಾನರಂತೆ ಕುಳಿತು ಕೇಳಿದರು. ಅಂಥ ಕೂಟಗಳ ಒತ್ತಾಸೆಯಿಂದ 1979ರಲ್ಲಿ ಸೈನಿಕರಿಗಾಗಿಯೇ ಸಲಹಾಕೇಂದ್ರಗಳು ತೆರೆದವು. 1980ರಲ್ಲಿ ಆ ವ್ಯಾಧಿಗೆ ಮನೋವೈದ್ಯಶಾಸ್ತ್ರದಲ್ಲಿ ಹೆಸರೂ ಸ್ಥಾನವೂ ದೊರೆತವು. ಕುಡಿತ ಬಿಡಿಸುವ ಕೂಟಗಳಲ್ಲಿ ಲೋಕಪ್ರಸಿದ್ಧವಾದುದನ್ನು 1935ರಲ್ಲಿ ಆರಂಭಿಸಿದ ಇಬ್ಬರಲ್ಲಿ ಒಬ್ಬನು ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವನೇ. ಆ ಪದ್ಧತಿಯ ಬಗೆಗೆ ನಡೆದ 27 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ತೂಗಿನೋಡಿದಾಗ, ಕುಡಿತವನ್ನು ಪೂರ್ತಿಯಾಗಿ ಬಿಡಿಸುವುದರಲ್ಲಿ ಅದು ಇತರ ಮಾನಸಿಕ ಚಿಕಿತ್ಸೆಗಳಿಗೆ ಸಮನಾಗಿಯೋ ಅವಕ್ಕಿಂತ ಮೇಲಾಗಿಯೋ ಕಂಡುಬಂದಿತು.

ತಕ್ಕಡಿಯ ಇನ್ನೊಂದು ತಟ್ಟೆ

ಇಷ್ಟು ಓದಿದವರು, ಹಾಗಾದರೆ ಕೂಟಗಳನ್ನು ಕಟ್ಟಿದರೆ ಸಾಕು, ಎಲ್ಲವೂ ಸರಿಹೋಗುವುದು ಎಂದು ಉಬ್ಬಬಾರದು. ವಿಜ್ಞಾನವು ತನಗೆ ಒಪ್ಪುವ ಸಾಕ್ಷಿಯನ್ನು ಮಾತ್ರ ಕರೆಯುವ ವಕೀಲನಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮಾಜಿ ಸೈನಿಕರ ಸಂಘಗಳ ಶಾಖೆಗಳನ್ನೇ ಹಿಡಿದು ರಕ್ತದೊತ್ತಡದ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಅದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಕೆಲವು ಶಾಖೆಗಳಲ್ಲಿ ತರಬೇತಿ ಪಡೆದ ಸದಸ್ಯರೇ ಜೊತೆಯವರಿಗೆ ತಿಳಿಸಿಕೊಟ್ಟರು. ಉಳಿದವುಗಳಲ್ಲಿ ವೃತ್ತಿಪರರು ಬಂದು ಉಪನ್ಯಾಸ ಮಾಡಿದರು. ವರ್ಷದ ಕೊನೆಯಲ್ಲಿ ಎರಡು ಕಡೆಯೂ ಒತ್ತಡವು ಸ್ವಲ್ಪ ಇಳಿದಿದ್ದಿತು, ಆದರೆ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಇದರಿಂದ ಎರಡು ಪಾಠಗಳನ್ನು ಕಲಿಯಬೇಕು. ಮೊದಲನೆಯದು, ತರಬೇತಿ ಪಡೆದ ಸಂಗಾತಿಯು ವೃತ್ತಿಪರರಿಗಿಂತ ಮೇಲಲ್ಲದಿದ್ದರೂ ಅವರಿಗೆ ತೀರ ಹಿಂದೆ ಬೀಳಲಿಲ್ಲ; ವೃತ್ತಿಪರರು ಬಂದು ಮುಟ್ಟದ ಹಳ್ಳಿಗೆ ಇದೇನು ಸಣ್ಣ ಮಾತಲ್ಲ. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಒತ್ತಡವು ಒಮ್ಮೆ ಹೆಚ್ಚಾಗಿ ಕಂಡವರನ್ನೇ ಆರಿಸಿಕೊಂಡು ಮತ್ತೊಮ್ಮೆ ಅಳೆದರೆ, ಏನೂ ಮಾಡದಿದ್ದರೂ ಸರಾಸರಿಯು ಕೊಂಚ ಇಳಿದಂತೆ ತೋರುವುದು ಸಂಖ್ಯಾಶಾಸ್ತ್ರದ ನಿಯಮ. ಮೊದಲ ಪರೀಕ್ಷೆಯಲ್ಲಿ ತೀರ ಹೆಚ್ಚು ಅಂಕ ಪಡೆದವರ ಸರಾಸರಿಯು ಎರಡನೆಯದರಲ್ಲಿ ಸ್ವಲ್ಪ ಇಳಿಯುವುದಿಲ್ಲವೆ, ಹಾಗೆ. ಹೋಲಿಕೆಯ ಗುಂಪಿಲ್ಲದೆ 'ನಮ್ಮ ಕೂಟದಿಂದ ಒತ್ತಡ ಇಳಿಯಿತು' ಎಂದು ಡಂಗುರ ಹೊಡೆಯುವವರನ್ನು ಕಂಡರೆ ಎಚ್ಚರವಿರಬೇಕು.

ನಮ್ಮ ನೆರೆಯ ಕೇರಳದ ಅನುಭವವೂ ಇದೇ ಬಗೆಯದು. ಅಲ್ಲಿ ನೆಯ್ಯಾಟಿಂಕರ ತಾಲೂಕಿನ 60 ಮತಗಟ್ಟೆ ವಲಯಗಳಿಂದ, ಮಧುಮೇಹದ ಅಪಾಯವಿದ್ದ 1,007 ಮಂದಿಯನ್ನು ಆರಿಸಿ, ಅರ್ಧ ವಲಯಗಳಲ್ಲಿ ಊರಿನವರೇ ನಡೆಸುವ ಕೂಟಗಳನ್ನು ಏರ್ಪಡಿಸಿದರು. 2018ರಲ್ಲಿ ಪ್ರಕಟವಾದ ವರದಿಯಂತೆ, ಎರಡು ವರ್ಷದಲ್ಲಿ ಕೂಟವಿದ್ದ ಕಡೆ ನೂರಕ್ಕೆ 14.9 ಮಂದಿಗೂ ಇಲ್ಲದ ಕಡೆ 17.1 ಮಂದಿಗೂ ಮಧುಮೇಹ ಬಂದಿತು. ಈ ಅಂತರವು ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳುವಷ್ಟು ದೊಡ್ಡದಲ್ಲ. ಆದರೆ ಕೂಟದವರಲ್ಲಿ ಕುಡಿತ ಕಡಿಮೆಯಾಗಿ ಹಣ್ಣು ತರಕಾರಿಗಳ ಬಳಕೆ ಹೆಚ್ಚಿದುದು ಕಂಡುಬಂದಿತು. ಒಟ್ಟಿನಲ್ಲಿ, ಸಂಗಾತಿಯು ಸಂಜೀವಿನಿಯಲ್ಲ. ಆತನು ಒಳ್ಳೆಯ ಚಿಕಿತ್ಸೆಗೆ ಹಿಡಿಕೆಯಿದ್ದಂತೆ. ಹಿಡಿಕೆಯಿಲ್ಲದ ಕತ್ತಿ ಎಷ್ಟು ಹರಿತವಿದ್ದರೇನು?

ಉಪ್ಪಿನ ನೆಲದಲ್ಲಿ

'ಇವೆಲ್ಲವೂ ಪರದೇಶದ ಮಾತು, ನಮ್ಮಲ್ಲಿ ನಡೆಯದು' ಎಂದು ಹೇಳುವವರಿಗೆ ಅಂಕೋಲೆಯ ಇತಿಹಾಸವೇ ಉತ್ತರ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಜನರು ಉಪ್ಪಿನ ಕಾಯಿದೆಯನ್ನು ಮುರಿದರು. ಮುಂದೆ ಕರನಿರಾಕರಣೆಯಲ್ಲಿ ಹೊಲಮನೆಗಳನ್ನು ಕಳೆದುಕೊಂಡರೂ ಜಗ್ಗಲಿಲ್ಲ. ಒಬ್ಬೊಬ್ಬರಾಗಿ ಅದು ಸಾಧ್ಯವಿರಲಿಲ್ಲ. ನೆರೆಯವನು ನಿಂತಿದ್ದಾನೆಂಬ ಧೈರ್ಯದಿಂದಲೇ ಪ್ರತಿಯೊಬ್ಬನೂ ನಿಂತನು. ಅಂದು ಉಪ್ಪಿಗಾಗಿ ಒಗ್ಗೂಡಿದ ನೆಲವು ಇಂದು ಉಪ್ಪಿನ ವಿರುದ್ಧ ಒಗ್ಗೂಡಬೇಕಾಗಿದೆ! ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚೆಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಕಾಲದಲ್ಲಿ, ಗಂಜಿಯ ಜೊತೆಗೆ ಒಣಮೀನು, ಉಪ್ಪಿನಕಾಯಿಗಳನ್ನೇ ನೆಚ್ಚುವ ಕರಾವಳಿಯ ಮನೆಯಲ್ಲಿ ಈ ಮಿತಿ ಎಷ್ಟು ಬೇಗ ಮೀರುವುದೆಂದು ಊಹಿಸಿರಿ. ಉಪ್ಪಿನ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ, ನಾಳಗಳಲ್ಲಿ ದ್ರವ ಹೆಚ್ಚುತ್ತದೆ, ಒತ್ತಡ ಏರುತ್ತದೆ. ಒಣಮೀನನ್ನು ಬಿಡಲಾಗದವರು ಅದನ್ನು ಚೆನ್ನಾಗಿ ನೆನೆಹಾಕಿ ತೊಳೆದು, ನೀರು ಚೆಲ್ಲಿ, ಅಪರೂಪಕ್ಕೆ ತಿನ್ನಬಹುದು. ಇಂಥ ಉಪಾಯವನ್ನು ವೈದ್ಯಕೀಯ ಗ್ರಂಥಕ್ಕಿಂತ ನೆರೆಮನೆಯ ಅಡುಗೆಯವಳು ಚೆನ್ನಾಗಿ ಹೇಳಬಲ್ಲಳು.

ಕುಡಿತದ ವಿಷಯದಲ್ಲಿಯೂ ಅಂಕೋಲೆಯಲ್ಲಿ ಉದಾಹರಣೆಯಿದೆ. ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರನ್ನು ಜಾನಪದದ ಕಣಜವೆಂದು ನಾಡೇ ಬಲ್ಲುದು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು, 2025ರ ಫೆಬ್ರವರಿಯಲ್ಲಿ ಅವರು ಕಾಲವಾದರು. ಓದುಬರಹ ಕಲಿಯದ ಅವರು ತಮ್ಮ ಕೇರಿಯ ಹೆಂಗಸರನ್ನು ಕೂಡಿಸಿ ಹೆಂಡದ ವಿರುದ್ಧ ಹೋರಾಡಿದರು. ಪೇಟೆಯಿಂದ ಬಂದ ಉಪದೇಶಕರ ಮಾತಿಗಿಂತ, ಒಂದೇ ಕೇರಿಯಲ್ಲಿ ಒಂದೇ ಹಾಡು ಹಾಡಿಕೊಂಡು ಬಂದವಳ ಮಾತಿಗೆ ಹೆಚ್ಚು ಬೆಲೆಯಿದ್ದಿತು.

ಕಿನ್ನರದಂಥ ಊರಿನಲ್ಲಿ

ಹಾಗಾದರೆ ಏನು ಮಾಡಬೇಕು? ಕಾಳೀ ನದಿಯ ದಡದ ಕಿನ್ನರದಂಥ ಒಂದು ಗ್ರಾಮವನ್ನು ಕಣ್ಣಮುಂದೆ ತಂದುಕೊಳ್ಳೋಣ. ಅಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಸೇರಿ ಹತ್ತು ಹನ್ನೆರಡು ಮಂದಿ ನಿವೃತ್ತರು ಇರುವರೆಂದಿಟ್ಟುಕೊಳ್ಳಿ. ಅವರು ಹದಿನೈದು ದಿನಕ್ಕೊಮ್ಮೆ, ಗೊತ್ತಾದ ವಾರ, ಶಾಲೆಯ ಜಗಲಿಯಲ್ಲಿಯೋ ಪಂಚಾಯತಿಯ ಕಟ್ಟಡದಲ್ಲಿಯೋ ಸೇರಬೇಕು. ಬೇಕಾದ ಸಾಮಗ್ರಿ ಇಷ್ಟೆ: ರಕ್ತದೊತ್ತಡ ಅಳೆಯುವ ಒಂದು ಯಂತ್ರ, ಒಂದು ತೂಕದ ಯಂತ್ರ, ಒಂದು ಅಳತೆಪಟ್ಟಿ, ಪ್ರತಿಯೊಬ್ಬರಿಗೂ ಒಂದು ಪುಸ್ತಕ. ಅಳೆಯುವವನು ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿಸಿ, ತೋಳನ್ನು ಹೃದಯದ ಮಟ್ಟದಲ್ಲಿಟ್ಟು ಅಳೆಯಬೇಕು. ಅದಕ್ಕೆ ಮುಂಚೆ ಅರ್ಧ ಗಂಟೆ ಬೀಡಿ, ಚಹಾ, ಕಾಫಿ ಕೂಡದು. ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಎರಡರ ಸರಾಸರಿಯನ್ನು ಬರೆಯಬೇಕು. ಆಮೇಲೆ ಮಾತು: ಯಾರು ಗುಳಿಗೆ ತಪ್ಪಿಸಿದರು, ಏಕೆ, ಯಾರಿಗೆ ನಿದ್ದೆ ಬರಲಿಲ್ಲ, ಪಾಲಿಕ್ಲಿನಿಕ್ಕಿಗೆ ಮುಂದಿನ ವಾರ ಯಾರು ಹೋಗುವವರು, ಎಲ್ಲರ ಔಷಧವನ್ನು ತರಬಲ್ಲರೆ ಇತ್ಯಾದಿ. ಪ್ರತಿಯೊಬ್ಬರಿಗೂ ಒಬ್ಬ ಜೋಡಿ; ನಡುವಿನ ವಾರದಲ್ಲಿ ಒಂದು ಸಲ ದೂರವಾಣಿ. ಬಾರದವನ ಮನೆಗೆ ಅಂದೇ ಹೋಗಿ ನೋಡಿಬರುವುದು ಜೋಡಿಯ ಕರ್ತವ್ಯ.

ಇದಕ್ಕೆ ಕೆಲವು ಕಟ್ಟುಪಾಡುಗಳು ಅವಶ್ಯ. ಕೂಟದವರು ಔಷಧವನ್ನು ಬದಲಾಯಿಸಬಾರದು, ನಿಲ್ಲಿಸೆಂದೂ ಹೇಳಬಾರದು. ಅದು ವೈದ್ಯರ ಅಧಿಕಾರ. ಬೇರೂರಿದ ಭ್ರಮೆಗಳನ್ನು ಒಬ್ಬನಿಂದೊಬ್ಬನಿಗೆ ಹರಡುವ ಶಕ್ತಿಯೂ ಕೂಟಕ್ಕಿದೆಯೆಂಬುದನ್ನು ಮರೆಯಬಾರದು. ಆದುದರಿಂದ ಮುಂದಾಳುಗಳಿಗೆ ತರಬೇತಿ ಬೇಕು, ಒಬ್ಬ ವೈದ್ಯರೋ ದಾದಿಯೋ ತಿಂಗಳಿಗೊಮ್ಮೆಯಾದರೂ ಬಂದು ಪುಸ್ತಕಗಳನ್ನು ನೋಡಬೇಕು. ಒತ್ತಡ 180ಕ್ಕೆ 120ನ್ನು ದಾಟಿದರೆ, ಎದೆ ನೋವು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕೈ ಸೋಲುವುದು ಕಂಡರೆ ಕೂಟವಿಲ್ಲ, ಚರ್ಚೆಯಿಲ್ಲ, ತಕ್ಷಣ ಆಸ್ಪತ್ರೆ. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಬೇಕು. ಆದರೆ ಬದುಕೇ ಬೇಡವೆಂದು ಒಬ್ಬನು ಹೇಳಿದರೆ ಅದನ್ನು ಮುಚ್ಚಿಡುವುದು ಗೆಳೆತನವಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ನೆರವು ದೊರೆಯುತ್ತದೆ. ಆ ಸಂಖ್ಯೆ ಪ್ರತಿಯೊಂದು ಪುಸ್ತಕದ ಮೊದಲ ಪುಟದಲ್ಲಿರಲಿ.

ಕೂಟದಲ್ಲಿ ಸುಬೇದಾರನೆಂದೂ ಸಿಪಾಯಿಯೆಂದೂ ಮೇಲುಕೀಳು ಸಲ್ಲದು. ಯೋಧರ ವಿಧವೆಯರಿಗೂ ಹೆಂಡಿರಿಗೂ ಅಷ್ಟೇ ಹಕ್ಕಿರಬೇಕು. ಉಪ್ಪಿನ ಭರಣಿ ಅನೇಕ ಮನೆಗಳಲ್ಲಿ ಅವರ ಕೈಯಲ್ಲಿದೆ, ಒತ್ತಡವೂ ಅವರ ನಾಳಗಳಲ್ಲಿದೆ. ಇನ್ನೂ ಒಂದು ವರ್ಗವನ್ನು ಮರೆಯಕೂಡದು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ಸೇರಿದ ತರುಣರಲ್ಲಿ ನೂರಕ್ಕೆ 25ರವರೆಗೆ ಮಾತ್ರ ಮುಂದುವರಿದು, ಉಳಿದವರು ನಾಲ್ಕು ವರ್ಷಕ್ಕೇ ಹೊರಬರುತ್ತಾರೆ. ಯೋಜನೆಯನ್ನು ಸಾರಿದಾಗಿನ ನಿಯಮಗಳಂತೆ ಅವರಿಗೆ ಪಿಂಚಣಿಯಾಗಲಿ ಮಾಜಿ ಸೈನಿಕರ ಆರೋಗ್ಯ ಯೋಜನೆಯಾಗಲಿ ಇಲ್ಲ. ಸರಕಾರದ ಪಟ್ಟಿಯಲ್ಲಿ ಅವರ ಹೆಸರು ಇರಲಿ, ಬಿಡಲಿ, ಊರಿನ ಕೂಟದ ಬಾಗಿಲು ಅವರಿಗೆ ತೆರೆದಿರಬೇಕು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೂಟಗಳಿವೆಯೆಂಬ ನೆಪದಿಂದ ಸರಕಾರವು ತನ್ನ ಹೊಣೆಯನ್ನು ಇಳಿಸಿಕೊಳ್ಳುವಂತಿಲ್ಲ. ಔಷಧವಿಲ್ಲದ ಪಾಲಿಕ್ಲಿನಿಕ್ಕಿನ ಮುಂದೆ ಎಷ್ಟು ಮಂದಿ ಸಂಗಾತಿಗಳು ಸಾಲು ನಿಂತರೇನು ಫಲ? ಕಡಿಮೆ ಬೆಲೆಗೆ ಮದ್ಯವನ್ನು ಕೊಡುವ ವ್ಯವಸ್ಥೆಯೇ ಕಡಿಮೆ ಬೆಲೆಗೆ ರಕ್ತದೊತ್ತಡದ ಯಂತ್ರವನ್ನೂ ಕೊಡಲಿ. ಸೈನಿಕ ಕಲ್ಯಾಣ ಇಲಾಖೆಯು ಪ್ರತಿ ತಾಲೂಕಿನಲ್ಲಿ ಮುಂದಾಳುಗಳಿಗೆ ತರಬೇತಿ ಏರ್ಪಡಿಸಲಿ. ವೈದ್ಯಕೀಯ ಕಾಲೇಜು ಅದನ್ನು ಅಳೆದು ನೋಡಲಿ. ಕೆಲವು ಊರುಗಳಲ್ಲಿ ಈ ವರ್ಷ, ಕೆಲವು ಊರುಗಳಲ್ಲಿ ಮುಂದಿನ ವರ್ಷ ಎಂದು ಚೀಟಿಯೆತ್ತಿ ಆರಂಭಿಸಿದರೆ, ಯಾರಿಗೂ ಅನ್ಯಾಯವಾಗದೆ ಹೋಲಿಕೆಯ ಗುಂಪೂ ದೊರೆಯುತ್ತದೆ. ಅಮೆರಿಕದ ಅಂಕಿಗಳನ್ನು ಎಷ್ಟು ದಿನ ಎರವಲು ತರೋಣ? ಕಾರವಾರದ ಪ್ರಶ್ನೆಗೆ ಕಾರವಾರದ ಅಂಕಿಗಳೇ ಉತ್ತರ ಕೊಡಲಿ.

ಕೊನೆಗೆ, ವಿದ್ಯಾರ್ಥಿ ಮಿತ್ರರೇ, ಇದರಲ್ಲಿ ನಿಮಗೂ ಪಾಲಿದೆ. ಒತ್ತಡವನ್ನು ಸರಿಯಾಗಿ ಅಳೆಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಎನ್.ಸಿ.ಸಿ.ಯಲ್ಲಿರುವವರು ತಮ್ಮ ಊರಿನ ಹಿರಿಯ ಯೋಧರ ಪುಸ್ತಕಗಳಲ್ಲಿನ ಅಂಕಿಗಳನ್ನು ನಕ್ಷೆಗಾಗಿ ಕೇಳಿ ಪಡೆದು, ಹೆಸರುಗಳನ್ನು ಬಿಟ್ಟು, ಗೆರೆಚಿತ್ರ ಬರೆದು ತೋರಿಸಬಹುದು. ನಿಮ್ಮ ಗಣಿತದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಅದಕ್ಕೂ ಮೊದಲು, ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಸೈನ್ಯದಿಂದ ಬಂದ ಅಜ್ಜನೋ ಮಾವನೋ ಇದ್ದರೆ, ಈ ಸಂಜೆಯೇ ಹೋಗಿ ಎರಡು ಪ್ರಶ್ನೆಗಳನ್ನು ಕೇಳಿರಿ: 'ನಿಮ್ಮ ರಕ್ತದೊತ್ತಡ ಎಷ್ಟು? ಅದನ್ನು ಕೊನೆಯ ಸಲ ಅಳೆಸಿದುದು ಯಾವಾಗ?' ಉತ್ತರಕ್ಕೆ ಅವರು ತಡವರಿಸಿದರೆ, ಮರುದಿನವೇ ಅವರನ್ನು ಕರೆದುಕೊಂಡು ಹೋಗಿ ಅಳೆಸಿರಿ. ದಾರಿಯಲ್ಲಿ ಅವರ ಜೊತೆಗೆ ಸೇವೆಯಲ್ಲಿದ್ದ ಇನ್ನೊಬ್ಬರ ಮನೆಯ ಬಾಗಿಲನ್ನೂ ತಟ್ಟಿರಿ. ಇಬ್ಬರು ಸೇರಿದರೆ ಜೋಡಿಯಾಯಿತು; ಕೂಟವು ಅಲ್ಲಿಂದಲೇ ಆರಂಭವಾಗುತ್ತದೆ.